ಪಿಯೋನಿ ಅರಳುವ ವಾರ

ಮಗ ಎರಡನೇ ಸಲ ಬೇಳೆ ಬಡಿಸಿಕೊಳ್ಳುತ್ತಿದ್ದ ಹೊತ್ತಿಗೆ ಸೂಜಿಯಕ್ಕ ಬಾಯಿ ಬಿಟ್ಟಳು.

"ಟಿಕೆಟ್ ತಗೊಂಡೆ."

"ಯಾವ ಸಿನಿಮಾ?" ಎಂದ ಗಂಡ.

"ಸಿನಿಮಾ ಅಲ್ಲ ರೀ, ವಿಮಾನ. ಪಿಯೋನಿ ಹೂ ನೋಡೋಕೆ ಹೋಗ್ತಿದೀನಿ. ಮುಂದಿನ ತಿಂಗಳು."

ಮಗನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ನಿಂತುಬಿಟ್ಟಿತು. ತನ್ನ ಮಗಳ ತಟ್ಟೆಗೆ ಮೊಟ್ಟೆ ಸುಲಿದು ಹಾಕುತ್ತಿದ್ದ ಸೊಸೆ ಅರ್ಧ ಸಿಪ್ಪೆ ಸಮೇತ ಹಾಕಿದಳು. ಮೊಮ್ಮಗಳು ಮಾತ್ರ, "ಅಜ್ಜಿ, ಕಿಟಕಿ ಪಕ್ಕದ ಸೀಟಾ?" ಎಂದು ಕೇಳಿದಳು.

"ಯಾರ ಜೊತೆ ಹೋಗ್ತೀಯ?" ಎಂದ ಮಗ.

"ನನ್ನ ಜೊತೆ ನಾನೇ."

"ಒಂದು ಮಾತು ಕೇಳೋದಲ್ವಾ ಅಮ್ಮ?"

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ಗಂಡ ನೀರು ಕುಡಿದು ಲೋಟ ಕುಕ್ಕಿದ. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅನ್ನೋ ವಯಸ್ಸಲ್ಲಿ ಇವಳಿಗೆ ಪ್ಯೂನ್ ಹೂವಂತೆ! ಹಾಗಾದ್ರೆ ಸಾಹೇಬರ ಹೂ ಯಾವುದೇ?"

"ಪ್ಯೂನ್ ಅಲ್ಲ, ಪಿಯೋನಿ. ಕಾಡು ಕರೆಯೋಕೆ ಮುಂಚೆ ಒಂದು ತೋಟ ನೋಡ್ಕೊಂಡು ಬರ್ತೀನಿ, ಬಿಡಿ," ಎಂದು ಸೂಜಿಯಕ್ಕ ತನ್ನ ತಟ್ಟೆ ಎತ್ತಿಕೊಂಡು ಹೋಗಿ ತೊಳೆಯುವ ಕಲ್ಲಿನ ಮೇಲಿಟ್ಟಳು.

ಸೂಜಿಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ತಲೆ ನರೆಸಿಕೊಂಡವಳು. ಜ್ವರ, ಕೆಮ್ಮು, ನಾಯಿ ಕಡಿತ ಏನೇ ಆಗಲಿ, ಚುಚ್ಚಿಸಿಕೊಳ್ಳಲು ಬೀದಿಯ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಆ ಹೆರಿಗೆ ವಾರ್ಡಿನ ಗೋಡೆಯಲ್ಲಿ ಔಷಧಿ ಕಂಪನಿಯವರು ಕೊಟ್ಟ ಒಂದು ಪಿಯೋನಿ ಹೂವಿನ ಚಿತ್ರವಿತ್ತು. ಹಿಡಿ ತುಂಬಿ ಹೊರಚೆಲ್ಲುವಷ್ಟು ಎಸಳುಗಳ ಗುಲಾಬಿ ಬಣ್ಣದ ಹೂವು. ನೋವು ತಿನ್ನುವ ಹೆಂಗಸರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ: "ಕಣ್ಣು ಮುಚ್ಬೇಡಮ್ಮ, ಆ ಹೂ ನೋಡು. ಒಂದೊಂದೇ ಎಸಳು ಎಣಿಸು. ಉಸಿರು ಬಿಡು." ಊರಿನ ಎಷ್ಟೋ ತಾಯಂದಿರು ಆ ಹೂವನ್ನು ನೋಡುತ್ತ ಹೆತ್ತರು, ಶಪಿಸುತ್ತಲೂ ಹೆತ್ತರು. ಅಷ್ಟು ಜನಕ್ಕೆ ನೋಡು ನೋಡು ಎಂದವಳಿಗೆ ತಾನು ನಿಜದ ಹೂವನ್ನೇ ನೋಡಿಲ್ಲವಲ್ಲ ಎಂಬುದು ಯಾವಾಗ ತಲೆಗೆ ಹೊಕ್ಕಿತೋ, ಆಮೇಲೆ ಇಳಿಯಲೇ ಇಲ್ಲ.

ಒಮ್ಮೆ ಅದರ ಗೆಡ್ಡೆಯನ್ನು ಅಂಚೆಯಲ್ಲಿ ತರಿಸಿ ಕುಂಡದಲ್ಲಿ ನೆಟ್ಟಳು. ಅದಕ್ಕೆ ನಡುಗಿಸುವಂಥ ಚಳಿ ಬೇಕು, ಹಿಮ ಬಿದ್ದು ಮಣ್ಣು ಕಲ್ಲಾಗಬೇಕು. ಈ ಊರಿನಲ್ಲೋ ಬೆವರು ಒರೆಸುವುದೇ ಒಂದು ಕಸುಬು. ಸೂಜಿಯಕ್ಕ ದಿನಾ ಬೆಳಿಗ್ಗೆ ಫ್ರಿಜ್ಜಿನ ಐಸು ತಂದು ಕುಂಡಕ್ಕೆ ಸುರಿದಳು. ಮೊಮ್ಮಗಳಿಗೆ ಷರಬತ್ತಿಗೆ ಐಸಿಲ್ಲ, ಕಾಲು ಉಳುಕಿದ ಮಗನಿಗೆ ಒತ್ತಲು ಐಸಿಲ್ಲ. ಗಿಡ ಮೂರೆಲೆ ಬಿಟ್ಟು, ಈ ಮನೆಯ ಸಹವಾಸವೇ ಬೇಡವೆಂದು ಕಣ್ಣು ಮುಚ್ಚಿತು. ಹೊರಡುತ್ತೇನೆಂದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ವರ್ಷ ಸೊಸೆಯ ಬಾಣಂತನ, ಇನ್ನೊಂದು ವರ್ಷ ಗಂಡನ ಪಿತ್ತಕೋಶದ ಕಲ್ಲು, ಮತ್ತೊಂದು ವರ್ಷ ಮಗನ ಕನ್ನಡಕದ ಅಂಗಡಿಯ ಮಾಡು ಕುಸಿದದ್ದು. "ಮುಂದಿನ ವರ್ಷ" ಎಂಬುದು ಮನೆಯಲ್ಲಿ ಅವಳಿಗೆ ಕೊಡುವ ಗುಳಿಗೆಯಾಗಿಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಅವಳ ಮಾತಿಗೆ ತಿರುವುಗಳಿರಲಿಲ್ಲ.

"ಅತ್ತೆ, ನೀವು ಹೋಗೋದು ನಂಗೇನೂ ಬೇಜಾರಿಲ್ಲ. ಆದ್ರೆ ಪುಟ್ಟಿನ ಶಾಲೆಯಿಂದ ಕರ್ಕೊಂಡು ಬರೋದು, ಎರಡು ಹೊತ್ತಿನ ಅಡುಗೆ, ಮಾವನ ಮಾತ್ರೆ, ಎಲ್ಲಾ ನನ್ನ ತಲೆಗೆ ಬಂದು ಕೂರುತ್ತೆ. ನೀವು ಹೂ ನೋಡ್ತಿರ್ತೀರ, ನಾನಿಲ್ಲಿ ಪಾತ್ರೆ ಉಜ್ತಿರ್ತೀನಿ."

"ನಿನ್ನ ತಲೆಗೇ ಯಾಕೆ ಬರಬೇಕು? ಮನೇಲಿ ಇನ್ನೂ ಎರಡು ತಲೆ ಇದಾವಲ್ಲ."

"ಆ ತಲೆಗಳು ಬಾಚಿಕೊಳ್ಳೋಕೆ ಮಾತ್ರ ಇರೋದು ಅತ್ತೆ. ನಿಮಗೇ ಗೊತ್ತು."

"ನಾನೇ ಹಾಗೆ ಇಟ್ಟಿದ್ದು. ಇನ್ನು ಮೇಲೆ ಇಡಲ್ಲ," ಎಂದಳು ಸೂಜಿಯಕ್ಕ. "ನಾನಿಲ್ಲ ಅಂತ ನೀನು ಒಂದು ಲೋಟ ಹೆಚ್ಚಿಗೆ ತೊಳೆದ್ಯೋ, ಬಂದು ನಿನ್ನನ್ನೇ ಬೈತೀನಿ."

ಅವತ್ತೇ ಗಂಡನನ್ನು ಒಲೆಯ ಮುಂದೆ ನಿಲ್ಲಿಸಿದಳು. ಮನೆಮನೆಯ ವಿದ್ಯುತ್ ಮೀಟರು ಓದಿ ನಿವೃತ್ತನಾದವನು. ಕುಕ್ಕರಿನ ವಿಷಲ್ಲನ್ನು ಎಣಿಸಲು ಮಾತ್ರ ಬರುತ್ತಿತ್ತು. ಮೊದಲ ದಿನ ಅನ್ನ ಗಂಜಿಯಾಯಿತು. ಎರಡನೇ ದಿನ ತಳ ಹಿಡಿದು ಕರಕಲು ವಾಸನೆ ಮೂರನೇ ಮನೆಯವರೆಗೂ ಹೋಯಿತು. ಆಲೂಗಡ್ಡೆ ಹೆಚ್ಚುತ್ತ ಹೆಬ್ಬೆರಳು ಕೊಯ್ದುಕೊಂಡು ಬಂದು, "ನೋಡೇ, ನಿನ್ನ ಹೂವಿನ ದೆಸೆಯಿಂದ ರಕ್ತ!" ಎಂದು ಕೈ ಚಾಚಿದ. ಅವಳು ಪಟ್ಟಿ ಕಟ್ಟಿ, "ಇನ್ನೊಂದು ಕೈ ಇದೆಯಲ್ಲ, ಹೆಚ್ಚಿ," ಎಂದಳು.

ವಾರ ಕಳೆಯುವಷ್ಟರಲ್ಲಿ ನಾದಿನಿ ಬಂದಳು. ಅಣ್ಣ ಫೋನು ಮಾಡಿ ಕರೆಸಿದ್ದ ಎಂಬುದು ಅವನು ಹೆಂಡತಿಯ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋದದ್ದರಲ್ಲೇ ತಿಳಿಯಿತು.

"ಅತ್ತಿಗೆ, ಗಂಡನ್ನ ಒಲೆ ಮುಂದೆ ನಿಲ್ಸಿ ಹೂ ನೋಡೋಕೆ ದೇಶ ಬಿಟ್ಟು ಹೋಗೋದು ಅಂದ್ರೇನು? ಕೇಳಿದವರು ಏನಂದಾರು?"

"ಯಾವ ಹೂವು ಅಂತ ಕೇಳಿಯಾರು. ಪಿಯೋನಿ ಅಂತ ಹೇಳಿ."

"ಆ ದುಡ್ಡಲ್ಲಿ ಮನೆಗೆ ಬಣ್ಣ ಹೊಡೆಸಬಹುದಿತ್ತು."

"ನಿವೃತ್ತಿ ದುಡ್ಡಲ್ಲಿ ಮಾಡು ಕಟ್ಟಿಸಿದೆ, ಕಲ್ಲು ತೆಗೆಸಿದೆ. ಗೋಡೆ ಇನ್ನೊಂದಷ್ಟು ದಿನ ಬಣ್ಣಗೆಟ್ಟಿರಲಿ. ನಾನೂ ಇರಲಿಲ್ವಾ?"

ನಾದಿನಿ ಇದ್ದಬದ್ದ ಬಾಣಗಳನ್ನೆಲ್ಲ ಬಿಟ್ಟಳು. ಅಣ್ಣನ ರಕ್ತದೊತ್ತಡ ಏರಿದರೆ? ಅಲ್ಲಿ ಕಾಲು ಜಾರಿದರೆ? ಭಾಷೆ ಬಾರದ ನಾಡಿನಲ್ಲಿ ದಾರಿ ತಪ್ಪಿದರೆ? ಸೂಜಿಯಕ್ಕ ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡು, ಕೊನೆಗೆ, "ಟೀ ಕುಡೀತೀರಾ? ನಿಮ್ಮಣ್ಣನೇ ಮಾಡ್ತಾರೆ," ಎಂದಳು. ಅಣ್ಣ ಮಾಡಿಕೊಟ್ಟ ಟೀಯನ್ನು ನಾದಿನಿ ಎರಡೇ ಗುಟುಕಿಗೆ ನಿಲ್ಲಿಸಿ ಹೊರಟಳು.

ಇಷ್ಟಕ್ಕೆಲ್ಲ ಜಗ್ಗದವಳು ಜಗ್ಗಿದ್ದು ಮಗನ ಮಾತಿಗೆ. ಎರಡನೇ ಅಂಗಡಿ ತೆರೆಯಬೇಕೆಂದು ಅವನು ವರ್ಷವಿಡೀ ಓಡಾಡಿದ್ದ. ಒಂದು ಸಂಜೆ ಅಂಗಡಿಯ ಬಾಡಿಗೆ ಕರಾರು ಮುಗಿಸಿ ಬಂದು ಅವಳ ಪಕ್ಕದಲ್ಲಿ ಕುಳಿತ.

"ಅಮ್ಮ, ಉದ್ಘಾಟನೆಗೆ ದಿನ ಗೊತ್ತಾಯ್ತು. ನೀನು ಇರೋದಿಲ್ಲ ಅಂತೀಯಲ್ಲ, ಅದೇ ವಾರ. ಅಂಗಡಿ ಮಾಲೀಕರು ಅದಕ್ಕಿಂತ ಆಚೆ ಬಿಡಲ್ಲ. ಟೇಪು ನಿನ್ನ ಕೈಯಿಂದಲೇ ಕತ್ತರಿಸಬೇಕು ಅಂತ ನಂಗಾಸೆ."

"ಆ ವಾರವೇ ಸಿಕ್ತೇನೋ ನಿನಗೆ?"

"ಬೇಕಂತ ಮಾಡಿದ್ದಲ್ಲ ಅಮ್ಮ. ನಿನ್ನಾಣೆಗೂ."

ಬೇಕಂತ ಮಾಡಿದ್ದಲ್ಲವೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೂಜಿಯಕ್ಕ ಟಿಕೆಟ್ಟಿನ ಅಂಗಡಿಗೆ ಹೋಗಿ ಪ್ರಯಾಣವನ್ನು ಒಂದಿಷ್ಟು ಹಿಂದಕ್ಕೆ ತಂದಳು. ಮೊದಲೇ ಹೋಗಿ, ಉದ್ಘಾಟನೆಯ ಹಿಂದಿನ ದಿನ ವಾಪಸ್ಸು. "ಅಷ್ಟರಲ್ಲಿ ಅರಳಿರುತ್ತೆ ಬಿಡು, ಪ್ರತಿ ವರ್ಷ ಅರಳುತ್ತೆ ಅಂತ ಬರ್ದಿದಾರೆ," ಎಂದಳು. ಮಗ ಖುಷಿಯಿಂದ ಆಹ್ವಾನ ಪತ್ರಿಕೆಯಲ್ಲಿ ಅವಳ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ.

ಪಿಯೋನಿ ಬೆಳೆಯುವ ಆ ದೇಶದಲ್ಲಿ ಇಳಿದಾಗ ಚಳಿ ಮೂಳೆ ಮುಟ್ಟಿತು. ಗುಡ್ಡದ ಇಳಿಜಾರಿನ ಸಣ್ಣ ಊರು. ತೋಟದ ಗೇಟಿನಿಂದ ಸ್ವಲ್ಪ ಕೆಳಗೆ ಅವಳು ಗೊತ್ತು ಮಾಡಿಕೊಂಡಿದ್ದ ಕೋಣೆ. ಅದರ ಮನೆಯೊಡತಿ ಮಾತಿಗೊಮ್ಮೆ ಫೋನಿಗೆ ತನ್ನ ಭಾಷೆಯಲ್ಲಿ ಹೇಳುವಳು, ಫೋನು ಅದನ್ನು ಇವಳ ಭಾಷೆಗೆ ತಿರುಗಿಸಿ ಕೀರಲು ದನಿಯಲ್ಲಿ ಹೇಳುವುದು. ಚೀಲ ಇಟ್ಟವಳೇ ಸೂಜಿಯಕ್ಕ ತೋಟಕ್ಕೆ ಏರಿದಳು.

ಸಾಲು ಸಾಲು ಗಿಡ. ಗಿಡದ ತುಂಬ ಮೊಗ್ಗು. ಒಂದೂ ಅರಳಿರಲಿಲ್ಲ.

ಗೋಲಿಯಂತೆ ಗಟ್ಟಿಯಾಗಿ, ಹಸಿರು ಹೊದ್ದು, ಬಾಯಿ ಬಿಗಿದುಕೊಂಡ ಮೊಗ್ಗುಗಳು. ಅವುಗಳ ಮೇಲೆ ಇರುವೆಗಳು ಮಾತ್ರ ಸಿಹಿ ನೆಕ್ಕುತ್ತ ಓಡಾಡುತ್ತಿದ್ದವು. ಮಣ್ಣು ಸಡಿಲಿಸುತ್ತಿದ್ದ ಮಾಲಿಯ ಬಳಿ ಹೋಗಿ ಅವಳು ತನ್ನ ಮುಷ್ಟಿ ಬಿಗಿದು ತೋರಿಸಿ, ಮೆಲ್ಲಗೆ ಬೆರಳು ಬಿಡಿಸಿ, ಯಾವಾಗ ಎಂದು ಹುಬ್ಬೇರಿಸಿದಳು. ಮಾಲಿ ಕೋಟನ್ನು ಎಳೆದು ಕುತ್ತಿಗೆಗೆ ಮುಚ್ಚಿಕೊಂಡು ತೋರಿಸಿದ: ಈ ಸಲ ಚಳಿ ಹೋಗಿಲ್ಲ. ಆಮೇಲೆ ಕೈಯನ್ನು ಮುಂದೆ ಮುಂದೆ ತಳ್ಳಿದ: ಇನ್ನೂ ಒಂದು ವಾರ, ಹೆಚ್ಚೂ ಆದೀತು.

ಉಳಿದ ದಿನಗಳಲ್ಲಿ ಅವಳು ಬೆಳಿಗ್ಗೆ ಹೋಗಿ ಬೆಂಚಿನಲ್ಲಿ ಕೂರುವಳು, ಮಧ್ಯಾಹ್ನ ಬ್ರೆಡ್ಡು ತಿಂದು ಮತ್ತೆ ಹೋಗುವಳು. ಮೊಗ್ಗು ಮುಟ್ಟಿ ನೋಡುವಳು. ಹೆರಿಗೆ ವಾರ್ಡಿನಲ್ಲಿ ಕಲಿತ ಪಾಠವೊಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು: ಹೊತ್ತು ಬಾರದೆ ಅವಸರ ಮಾಡಬಾರದು, ಹೊತ್ತು ಬಂದಾಗ ಅಲ್ಲಿಂದ ಏಳಬಾರದು. ಹೊರಡುವ ಹಿಂದಿನ ಸಂಜೆ ಒಂದೇ ಒಂದು ಮೊಗ್ಗಿನ ತುದಿಯಲ್ಲಿ ಗುಲಾಬಿಯ ಗೆರೆ ಕಂಡಿತು. ಸೂಜಿಯಕ್ಕ ಕೋಣೆಗೆ ಬಂದಳು. ಬಟ್ಟೆ ತುಂಬಿದ್ದ ಚೀಲವನ್ನು ನೋಡಿದಳು. ಅದರ ಜಿಪ್ಪು ಎಳೆದು, ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಆಮೇಲೆ ಮನೆಗೆ ಫೋನು ಮಾಡಿದಳು.

"ನಾಳೆ ಎಷ್ಟು ಹೊತ್ತಿಗೆ ಇಳೀತೀಯ? ನಾನೇ ಬರ್ತೀನಿ ಕರ್ಕೊಂಡು ಹೋಗೋಕೆ," ಎಂದ ಮಗ.

"ನಾಳೆ ಬರಲ್ಲ ಕಣೋ. ಇನ್ನೂ ಅರಳಿಲ್ಲ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಇಲ್ಲಿ ಚಳಿ ಹೋಗಿಲ್ಲ. ಇನ್ನು ಸ್ವಲ್ಪ ದಿನ ಇದ್ದು ಬರ್ತೀನಿ. ಉದ್ಘಾಟನೆ ನೀವೇ ಮಾಡ್ಕೊಳ್ಳಿ."

"ಅಮ್ಮ, ತಮಾಷೆ ಮಾಡ್ಬೇಡ. ಪತ್ರಿಕೇಲಿ ನಿನ್ನ ಹೆಸರಿದೆ."

"ಹೆಸರು ಇರಲಿ ಬಿಡು, ಅದಕ್ಕೇನು ಊಟ ಹಾಕ್ಬೇಕಾ?"

"ಹಾಗಾದ್ರೆ ನಂಗಿಂತ ಹೂ ಹೆಚ್ಚಾಯ್ತಾ ನಿಂಗೆ?"

"ತೂಗಿ ನೋಡೋಕೆ ಇದೇನು ತರಕಾರಿನಾ?"

"ಮಾತು ತಿರುಗಿಸ್ಬೇಡಮ್ಮ!" ಮಗನ ದನಿ ಒಡೆಯಿತು. "ನಾನು ಚಿಕ್ಕವನಿದ್ದಾಗಲೂ ಅಷ್ಟೇ. ಶಾಲೆ ನಾಟಕಕ್ಕೆ ಬಾ ಅಂದ್ರೆ ಡ್ಯೂಟಿ. ಜ್ವರ ಬಂದು ಮಲಗಿದ್ರೆ ಡ್ಯೂಟಿ. ಊರಿನ ಮಕ್ಕಳೆಲ್ಲಾ ನಿನ್ನ ಕೈಲಿ ಹುಟ್ಟಿದ್ವು, ನಾನು ಪಕ್ಕದ ಮನೇಲಿ ಬೆಳೆದೆ. ಈಗ ಡ್ಯೂಟಿನೂ ಇಲ್ಲ. ಈಗಲೂ ಬರಲ್ಲ ಅಂದ್ರೆ ಏನರ್ಥ?"

ಸೂಜಿಯಕ್ಕ ಮಂಚದ ಅಂಚಿನಲ್ಲಿ ಕುಳಿತಳು. ಈ ಮಾತು ಅವನ ಹೊಟ್ಟೆಯಲ್ಲಿ ಇಷ್ಟು ವರ್ಷ ಇತ್ತೇ ಎನಿಸಿತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಹೇಳಿದಳು.

"ನೀನು ಹೇಳ್ತಿರೋದು ನಿಜ. ಆಗ ಬರಬೇಕು ಅಂತ ಜೀವ ಒದ್ದಾಡ್ತಿತ್ತು, ಆಸ್ಪತ್ರೆಯವರು ಬರೋಕೆ ಬಿಡ್ತಿರಲಿಲ್ಲ. ಅದಕ್ಕೆ ಬೈಯಿ, ಬೈಸ್ಕೋತೀನಿ. ಈಗ ಯಾರೂ ತಡೆದಿಲ್ಲ. ನಾನೇ ಬರ್ತಿಲ್ಲ. ಈ ಸಲ ಎದ್ದು ಬಂದ್ರೆ ನಾನು ಇನ್ಯಾವತ್ತೂ ಹೊರಡಲ್ಲ ಮಗನೇ. ನಂಗೊತ್ತು, ನಿಂಗೂ ಗೊತ್ತು."

ಫೋನು ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಸೊಸೆ ಫೋನು ಮಾಡಿದಳು. ಹಿಂದೆ ಪಾತ್ರೆಗಳ ಸದ್ದು. "ಅತ್ತೆ, ಇವರು ಚಪ್ಪಲಿ ಮೆಟ್ಕೊಂಡು ಹೊರಗೆ ಹೋದ್ರು. ಮಾವ ಏನೂ ಅನ್ನದೆ ಈರುಳ್ಳಿ ಹೆಚ್ತಿದಾರೆ."

"ನೀನೂ ಬೈಯೋದಿದ್ರೆ ಬೈದ್ಬಿಡು."

"ಬೈಯ್ಬೇಕು ಅಂತಲೇ ಮಾಡಿದ್ದು," ಎಂದಳು ಸೊಸೆ. "ಆದ್ರೆ ಒಂದು ವಿಷಯ. ನಾಲ್ಕು ದಿನದಿಂದ ಈ ಮನೇಲಿ ನಾನು ಒಂದು ಪಾತ್ರೆ ಉಜ್ಜಿಲ್ಲ. ಅಪ್ಪ ಮಗ ಸರದಿ ಹಾಕ್ಕೊಂಡಿದಾರೆ. ಇನ್ನೊಂದು ವಾರ ಇದ್ರೆ ಅಭ್ಯಾಸ ಗಟ್ಟಿ ಆಗುತ್ತೆ. ಎಕ್ಸ್‌ಟ್ರಾ ಸ್ವೆಟರ್ ಇದೆಯಾ ನಿಮ್ಮ ಹತ್ರ?"

ಮರುದಿನ ಬೆಳಿಗ್ಗೆ ಸೂಜಿಯಕ್ಕ ಮನೆಯೊಡತಿಯೊಂದಿಗೆ ಬಸ್ಸು ಹತ್ತಿ ವಿಮಾನ ಕಂಪನಿಯ ಕಚೇರಿಗೆ ಹೋಗಿ ಟಿಕೆಟ್ ಬದಲಿಸಿಕೊಂಡಳು. ಕೌಂಟರಿನ ಹುಡುಗಿ ದಿನ ಬದಲಿಸಲು ಕಾರಣ ಕೇಳಿದಳು. ಮನೆಯೊಡತಿಯ ಫೋನು ಅದನ್ನು ಕೀರಲು ದನಿಯಲ್ಲಿ ಹೇಳಿತು. "ಮೊಗ್ಗು," ಎಂದಳು ಸೂಜಿಯಕ್ಕ. ಹುಡುಗಿಗೆ ಅರ್ಥವಾಯಿತೋ ಇಲ್ಲವೋ, ಮುದ್ರೆ ಒತ್ತಿಕೊಟ್ಟಳು. ಸೂಜಿಯಕ್ಕನ ಕೋಣೆಯನ್ನು ಆ ದಿನದಿಂದ ಬೇರೆಯವರು ಕಾಯ್ದಿರಿಸಿದ್ದರು. ಹಾಗಾಗಿ ಅಟ್ಟದ ಕೋಣೆಗೆ ಏರಿದಳು. ಮಾಡು ತಲೆಗೆ ಬಡಿಯುವಷ್ಟು ಕೆಳಗೆ. ಬಗ್ಗಿ ನಡೆದು ಅಭ್ಯಾಸ ಮಾಡಿಕೊಂಡಳು.

ಉದ್ಘಾಟನೆಯ ದಿನ ಆ ಗುಡ್ಡದಲ್ಲಿ ಮಳೆ. ಕೊಡೆ ಹಿಡಿದು ಬೆಂಚಿನಲ್ಲಿ ಕುಳಿತಿದ್ದವಳ ಫೋನಿಗೆ ಸೊಸೆ ಫೋಟೋ ಕಳಿಸಿದಳು. ಹೊಸ ಅಂಗಡಿಯ ಗಾಜಿನ ಬಾಗಿಲು, ಕನ್ನಡಕಗಳ ಸಾಲು, ನಡುವೆ ಕತ್ತರಿ ಹಿಡಿದು ದೇಶ ಗೆದ್ದವರ ಹಾಗೆ ನಿಂತ ನಾದಿನಿ. ಪಕ್ಕದಲ್ಲಿ ಮಗ ನಗುತ್ತಿರಲಿಲ್ಲ. ಸೂಜಿಯಕ್ಕ ಅವನ ಮುಖವನ್ನು ದೊಡ್ಡದು ಮಾಡಿ ನೋಡಿದಳು. ಕ್ಷೌರ ಮಾಡಿಸಿಕೊಂಡಿದ್ದ, ಹೊಸ ಅಂಗಿ ಹಾಕಿದ್ದ, ಕಣ್ಣ ಕೆಳಗೆ ಕಪ್ಪಿತ್ತು. ಆ ಕಪ್ಪನ್ನು ಹೆಬ್ಬೆರಳಿನಿಂದ ಸವರಿದಳು. ಆದರೂ ಬೆಂಚಿನಿಂದ ಏಳಲಿಲ್ಲ.

ಮಳೆ ನಿಂತ ಮಾರನೆಯ ದಿನ ಬಿಸಿಲು ಬಂತು. ಅದರ ಮಾರನೆಯ ದಿನವೂ. ಆಮೇಲಿನ ಬೆಳಿಗ್ಗೆ ಗೇಟಿನ ಬಳಿ ಮಾಲಿ ಇವಳಿಗಾಗಿಯೇ ಕಾದವನಂತೆ ನಿಂತಿದ್ದ. ಏನೂ ಹೇಳದೆ ದಾರಿ ಬಿಟ್ಟು ಸರಿದ.

ಇಡೀ ಇಳಿಜಾರು ಒಡೆದುಕೊಂಡಿತ್ತು. ಬಿಳಿ, ನಸುಗೆಂಪು, ರಕ್ತಗೆಂಪು. ಒಂದೊಂದು ಹೂವೂ ಕೂಸಿನ ತಲೆಯಷ್ಟು ದೊಡ್ಡದು, ಮಳೆನೀರು ಹೀರಿ ಭಾರವಾಗಿ ಕತ್ತು ಬಾಗಿಸಿತ್ತು. ಸೂಜಿಯಕ್ಕ ಒಂದರ ಕೆಳಗೆ ಅಂಗೈ ಒಡ್ಡಿ ಎತ್ತಿ ಹಿಡಿದಳು. ಹೆತ್ತ ತಾಯಿಗೆ ಕೂಸನ್ನು ಕೊಡುವಾಗ ಕತ್ತಿಗೆ ಆನಿಸಿ ಹಿಡಿಯುತ್ತಿದ್ದ ಹಾಗೆಯೇ ಕೈ ತಾನಾಗಿ ಬಾಗಿತು. ಅಂಗೈ ತುಂಬಿ, ಒದ್ದೆಯಾಗಿ, ತಣ್ಣಗೆ ಕೂತಿತು ಹೂವು. ಚಿತ್ರದಲ್ಲಿ ಕಂಡಿದ್ದ ಎಸಳುಗಳ ಒಳಗೆ ಇನ್ನೂ ಎಸಳುಗಳಿದ್ದವು, ಅವುಗಳ ಒಳಗೆ ಇನ್ನೂ. ಎಣಿಸಲು ಹೋಗಿ ಬಿಟ್ಟಳು. ಎಷ್ಟೊಂದು ಹೆಂಗಸರಿಗೆ ಎಣಿಸು ಎಂದು ಸುಳ್ಳು ಹೇಳಿದ್ದೇನಲ್ಲ ಎಂದು ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

ಫೋನು ಬಡಿದುಕೊಂಡಿತು. ಗಂಡ.

"ಅರಳ್ತೇನೇ?"

ಅವಳು ಮೂಗು ಎಳೆದುಕೊಂಡಳು. ಆ ಸದ್ದು ಅವನಿಗೆ ಕೇಳಿಸಿರಬೇಕು.

"ಸರಿ ಸರಿ. ಅಳೋದು ಆಮೇಲೆ ಇದ್ದೇ ಇದೆ, ಈಗ ನೋಡು. ಫೋನ್ ಇಡ್ತೀನಿ," ಎಂದು ಅವನು ಇಟ್ಟೇಬಿಟ್ಟ.

ಹೂವು ಉದುರತೊಡಗುವವರೆಗೂ ಇದ್ದು ಸೂಜಿಯಕ್ಕ ವಾಪಸ್ಸು ಬಂದಳು. ವಿಮಾನ ನಿಲ್ದಾಣಕ್ಕೆ ಮಗ ಬರಲಿಲ್ಲ; ಸೊಸೆ ಡ್ರೈವಿಂಗ್ ಶಾಲೆಯ ಕಾರು ತಂದಿದ್ದಳು. ಮನೆಯಲ್ಲಿ ಗಂಡ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಮಾಡಿ ಮುಚ್ಚಿಟ್ಟಿದ್ದ. ಅಂಗಡಿ ಮುಚ್ಚಿ ಬಂದ ಮಗ ತಾಯಿಯನ್ನು ನೋಡಿ, "ಬಂದ್ಯಾ," ಎಂದಷ್ಟೇ ಹೇಳಿ ಕೈ ತೊಳೆದು ಕುಳಿತ.

ಎಲ್ಲರೂ ಉಣ್ಣುತ್ತಿದ್ದರು. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು, ಯಾರೂ ಎತ್ತಿ ಆಡಲಿಲ್ಲ. ಮೊಮ್ಮಗಳು ವಿಮಾನದ ಊಟದ ಬಗ್ಗೆ ಕೇಳಿ ಮುಗಿಸಿದಳು. ಆಗ ಮಗ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ:

"ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡಮ್ಮ. ಇಲ್ಲಿಗೆ ಮುಗಿಸೋಣ."

ಸೊಸೆ ನೀರಿನ ಜಗ್ಗಿಗೆ ಕೈ ಹಾಕಿದವಳು ಹಾಗೇ ನಿಂತಳು. ಗಂಡ ಹೆಂಡತಿಯ ಮುಖ ನೋಡಿದ.

"ನಾಟಕಕ್ಕೆ ಬರದೇ ಇದ್ದಿದ್ದಕ್ಕೆ ನೂರು ಸಲ ಅಂತೀನಿ," ಎಂದಳು ಸೂಜಿಯಕ್ಕ. "ಜ್ವರದಲ್ಲಿ ನಿನ್ನ ಬಿಟ್ಟು ಹೋಗಿದ್ದಕ್ಕೆ ಸಾವಿರ ಸಲ. ಬೇಕಾದ್ರೆ ಈಗಲೇ ಶುರು ಮಾಡ್ತೀನಿ. ಇದಕ್ಕೆ ಮಾತ್ರ ಅನ್ನಲ್ಲ. ಅಂದ್ರೆ ಸುಳ್ಳಾಗುತ್ತೆ. ನಿನ್ನ ಅಂಗಡಿಗೆ ನಾಳೆ ಬರ್ತೀನಿ, ಹೂವಿನ ಹತ್ರ ನಾಳೆ ಅನ್ನೋಕಾಗಲ್ಲ."

"ಅನ್ನಲ್ವಾ?"

"ಅನ್ನಲ್ಲ. ಅನ್ನ ಹಾಕ್ಲಾ?"

ಮಗ ಬೆರಳಿನಿಂದ ತಟ್ಟೆಯಲ್ಲಿದ್ದ ಅಗುಳೊಂದನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿದ. ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ. ಅವಳು ಒಂದು ಸೌಟು ಹಾಕಿದಳು.

ಎರಡು ತುತ್ತು ತಿಂದ ಮೇಲೆ ಕೇಳಿದ. "ನೀನು ಕಳ್ಸಿದ ಹೂವಿನ ಫೋಟೋ ಎಲ್ಲಾ ನೋಡಿದೆ. ಅದಕ್ಕೆ ವಾಸನೆ ಇರುತ್ತಾ?"

"ಇರುತ್ತೆ."

"ಹೇಗೆ?"

ಸೂಜಿಯಕ್ಕ ಹೇಳಲು ಬಾಯಿ ತೆರೆದಳು. ಆದರೆ ಬೇಳೆಯ ಪಾತ್ರೆಯನ್ನು ಅವನ ಕಡೆಗೆ ನೂಕಿದಳು.

"ಅದನ್ನ ಹೇಳೋಕೆ ಬರಲ್ಲ ಕಣೋ. ಹೋಗಿ ಮೂಸಿ ನೋಡ್ಬೇಕು."